ಹಳೆ ಕಾರಿನ ಸದ್ದು: ಲೆವಾಸರನಿಂದ ಅಂಬಾಸಡರ್‌ವರೆಗೆ

ಅಂಬಾಸಡರ್ ಕಾರು ರಿವರ್ಸ್ ಹೋಗುವಾಗ ‘ಗುಂಯ್’ ಎಂದು ಏರುತ್ತಾ ಹೋಗುವ ಸದ್ದೊಂದಿದೆ. ಮನೆಯೊಳಗೆ ಕೂತೇ ಅದನ್ನು ಗುರುತು ಹಿಡಿಯುವವರು ನಿಮ್ಮಲ್ಲಿ ಈಗಲೂ ಇರಬಹುದು. ಗೇರ್ ಹಾಳಾಗಿದೆ ಎಂದು ಅದನ್ನು ಕೇಳಿ ಹೆದರಿದವರೂ ಇದ್ದಾರೆ. ಹೆದರಬೇಕಾಗಿಲ್ಲ. ಅದು ರೋಗದ ಸದ್ದಲ್ಲ, ನೂರಮೂವತ್ತು ವರ್ಷದ ಹಿಂದೆ ಪ್ಯಾರಿಸ್ಸಿನಲ್ಲಿ ಹುಟ್ಟಿದ ಸದ್ದು. ಅದನ್ನು ಹುಟ್ಟಿಸಿದವನ ಕಥೆ ನನಗೆ ಬಹಳ ಪ್ರಿಯವಾದದ್ದು. ಅಲ್ಲಿಂದಲೇ ಶುರು ಮಾಡುತ್ತೇನೆ.

ಅವನ ಹೆಸರು ಎಮಿಲ್ ಲೆವಾಸರ್. ರೆನೆ ಪನಾರ್ ಜೊತೆ ಸೇರಿ ಮರ ಕೊಯ್ಯುವ ಯಂತ್ರಗಳನ್ನು ಮಾಡುತ್ತಿದ್ದ ಫ್ರೆಂಚ್ ಎಂಜಿನಿಯರ್. 1891ರಲ್ಲಿ ಅವನು ಕಾರಿನ ಎಂಜಿನನ್ನು ತಂದು ಮುಂದೆ ಕೂರಿಸಿದ. ಅದರ ಹಿಂದೆ ಕ್ಲಚ್, ಕ್ಲಚ್ಚಿನ ಹಿಂದೆ ಗೇರುಗಳು, ಅಲ್ಲಿಂದ ಹಿಂದಿನ ಚಕ್ರಗಳಿಗೆ ಶಕ್ತಿ. ನಮ್ಮ ಅಂಬಾಸಡರ್ ಕೊನೆಯವರೆಗೂ ಪಾಲಿಸಿದ್ದು ಇದೇ ಕ್ರಮವನ್ನು. ಆದರೆ ಆ ಮೊದಲ ಗೇರುಗಳ ಸ್ಥಿತಿ ಹೇಗಿತ್ತು ಗೊತ್ತೇ? ಮೇಲೆ ಮುಚ್ಚಳವೇ ಇರಲಿಲ್ಲ. ರಸ್ತೆಯ ಧೂಳೆಲ್ಲ ಅವುಗಳ ಮೇಲೆಯೇ. ಹಲ್ಲುಗಳು ನೇರ. ಗೇರ್ ಬದಲಿಸುವುದೆಂದರೆ ತಿರುಗುತ್ತಿರುವ ಒಂದು ಗೇರನ್ನು ಜಾರಿಸಿ, ತಿರುಗುತ್ತಿರುವ ಇನ್ನೊಂದರ ಹಲ್ಲಿಗೆ ನುಗ್ಗಿಸುವುದು. ‘ಒರಟು ನಿಜ, ಆದರೆ ಕೆಲಸ ನಡೆಯುತ್ತದೆ’ ಎಂಬ ಅರ್ಥದ ಮಾತನ್ನು ಅವನೇ ಆಡಿದ್ದನೆಂದು ಪ್ರತೀತಿ.

ಕೆಲಸ ನಡೆಯುತ್ತದೆ ಎಂಬುದನ್ನು ಅವನು 1895ರ ಜೂನ್‌ನಲ್ಲಿ ಲೋಕಕ್ಕೇ ತೋರಿಸಿದ. ಪ್ಯಾರಿಸ್ಸಿನಿಂದ ಬೋರ್ಡೋಗೆ ಹೋಗಿ ಮರಳಿ ಬರುವ ಪಂದ್ಯ, ಒಟ್ಟು 1178 ಕಿಲೋಮೀಟರ್. ದಾರಿಯಲ್ಲಿ ರುಫೆಕ್ ಎಂಬ ಊರಲ್ಲಿ ಬದಲಿ ಚಾಲಕ ಕಾಯಬೇಕಿತ್ತು. ಲೆವಾಸರ್ ಯಾರೂ ಎಣಿಸದಷ್ಟು ಬೇಗ ರಾತ್ರಿಯಲ್ಲೇ ಅಲ್ಲಿಗೆ ತಲುಪಿದ. ಆ ಚಾಲಕ ಇನ್ನೂ ನಿದ್ದೆಯಲ್ಲಿದ್ದ. ಲೆವಾಸರ್ ಕಾಯಲಿಲ್ಲ. ಬೋರ್ಡೋಗೂ ತಾನೇ ಓಡಿಸಿದ, ಅಲ್ಲಿಂದ ಪ್ಯಾರಿಸ್ಸಿಗೂ ತಾನೇ ಓಡಿಸಿದ. ಹತ್ತಿರ ಹತ್ತಿರ 49 ಗಂಟೆ, ಸರಾಸರಿ ವೇಗ ಗಂಟೆಗೆ 24 ಕಿಲೋಮೀಟರ್. ಅವನ ಹಿಂದೆ ಎರಡನೆಯದಾಗಿ ಬಂದ ಕಾರು ಮುಟ್ಟಿದ್ದು ಐದು ಗಂಟೆಗೂ ಹೆಚ್ಚು ತಡವಾಗಿ. ಹಾಗಿದ್ದೂ ಮೊದಲ ಬಹುಮಾನ ಅವನಿಗೆ ಸಿಗಲಿಲ್ಲ, ಏಕೆಂದರೆ ಅದು ಎರಡಕ್ಕಿಂತ ಹೆಚ್ಚು ಸೀಟಿನ ಕಾರುಗಳಿಗೆ ಮೀಸಲಾಗಿತ್ತು, ಅವನ ಕಾರಿನಲ್ಲಿ ಇದ್ದದ್ದು ಎರಡೇ ಸೀಟು. ಮರುವರ್ಷ ಇನ್ನೊಂದು ಪಂದ್ಯದಲ್ಲಿ ಕಾರಿನಿಂದ ಹೊರಗೆ ಬಿದ್ದು ಪೆಟ್ಟಾಯಿತು. 1897ರ ಏಪ್ರಿಲ್‌ನಲ್ಲಿ ತೀರಿಕೊಂಡ. ಎರಡು ಹಗಲು ಎರಡು ರಾತ್ರಿ ಆ ನೇರ ಹಲ್ಲಿನ ಗೇರುಗಳ ಅರಚಾಟ ಕೇಳಿಕೊಂಡೇ ಓಡಿಸಿದ ಮನುಷ್ಯ! ಗೇರಿನ ಸದ್ದನ್ನು ಅವನಷ್ಟು ಹತ್ತಿರದಿಂದ ಕೇಳಿದವರು ಆಗ ಯಾರಿದ್ದರು?

ಮುಂದಿನ ಮೂವತ್ತೈದು ವರ್ಷಗಳನ್ನು ಬೇಗ ದಾಟಿಬಿಡೋಣ, ಅದೆಲ್ಲ ಸದ್ದಡಗಿಸುವ ಕಥೆ. ಎರಡು ಅಂಗೈ ಒಮ್ಮೆಲೇ ಬಡಿದರೆ ಚಪ್ಪಾಳೆ, ಒಂದರ ಮೇಲೊಂದು ಜಾರಿಸಿದರೆ ಸದ್ದಿಲ್ಲ. ಹಲ್ಲನ್ನು ಓರೆಯಾಗಿ ಕತ್ತರಿಸಿದರೆ ಗೇರಿನಲ್ಲೂ ಆಗುವುದು ಇದೇ. 1913ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿ ಹಿಂದಿನ ಆಕ್ಸಲ್‌ಗೆ ಸುರುಳಿ ಹಲ್ಲಿನ ಗೇರು ಹಾಕಿತು. 1926ರಲ್ಲಿ ಅದೇ ಕಂಪನಿ ಆ ಆಕ್ಸಲ್ಲಿನ ಚಿಕ್ಕ ಗೇರಾದ ಪಿನಿಯನ್ನನ್ನು ದೊಡ್ಡ ಗೇರಾದ ಕ್ರೌನಿನ ನಡುಮಟ್ಟಕ್ಕಿಂತ ಕೆಳಗಿಳಿಸಿದ ಹೈಪಾಯ್ಡ್ ಗೇರನ್ನು ತಂದಿತು. 1928ರಲ್ಲಿ ಅರ್ಲ್ ಥಾಮ್ಸನ್ ಎಂಬುವನ ಸಿಂಕ್ರೋಮೆಷ್ ಕ್ಯಾಡಿಲಾಕ್ ಕಾರಿಗೆ ಬಂತು. ಎರಡು ಗೇರುಗಳ ವೇಗವನ್ನು ಮೊದಲು ಸಮ ಮಾಡಿ, ಆಮೇಲೆ ಜೋಡಿಸುವ ಉಪಾಯ ಅದು. ಅದೇ ಥಾಮ್ಸನ್ ಮುಂದೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕಟ್ಟುವ ಕೆಲಸದ ಮುಂದಾಳಾದ. ದೊಡ್ಡ ಬುದ್ಧಿವಂತ, ಒಪ್ಪುತ್ತೇನೆ. ನನ್ನ ಮನಸ್ಸು ಮಾತ್ರ ಲೆವಾಸರನ ಕಡೆಗೇ.

ನಮ್ಮ ದೇಶದ ಹಳೆಯ ಅಂಬಾಸಡರ್, ಪದ್ಮಿನಿ ಕಾರುಗಳಲ್ಲಿ ಮೇಲಿನ ಮೂರು ಗೇರಿಗೆ ಸಿಂಕ್ರೋಮೆಷ್ ಬಂತು, ಮೊದಲನೆಯದಕ್ಕೆ ಬರಲಿಲ್ಲ. ರಿವರ್ಸಿನಲ್ಲಂತೂ ನೇರ ಹಲ್ಲೇ ಉಳಿಯಿತು. ಆ ‘ಗುಂಯ್’ ಬರುವುದು ಅದರಿಂದಲೇ. ಆಗುಂಬೆ ಘಾಟಿಯ ತಿರುವಿನಲ್ಲಿ ಕಾರು ಎರಡನೇ ಗೇರಿಗೆ ಎಳೆಯದೆ ಹೋದರೆ ನಮ್ಮ ಹಿರಿಯ ಡ್ರೈವರುಗಳು ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರುತ್ತಿದ್ದರು, ಕ್ಲಚ್ ಬಿಟ್ಟು ಒಂದು ರೇಸ್ ಕೊಡುತ್ತಿದ್ದರು, ಮತ್ತೆ ಕ್ಲಚ್ ಒತ್ತಿ ಮೊದಲನೆಯದಕ್ಕೆ ಹಾಕುತ್ತಿದ್ದರು. ಕಿವಿಯಲ್ಲೇ ಲೆಕ್ಕ. ಲೆಕ್ಕ ತಪ್ಪಿದರೆ ‘ಕರ್‌’ ಎಂಬ ಸದ್ದು ಇಡೀ ಘಾಟಿಗೆ ಕೇಳುತ್ತಿತ್ತು.

ಆ ಕಿವಿ ಇದ್ದವರಿಗೆ ರೋಗ ಹಿಡಿಯುವುದೂ ಗೊತ್ತಿತ್ತು. ಕಾರು ನಿಂತಿದೆ, ಎಂಜಿನ್ ಓಡುತ್ತಿದೆ, ಗೇರ್ ನ್ಯೂಟ್ರಲ್‌ನಲ್ಲಿದೆ, ಒಳಗೆ ಗೊರಗೊರ. ಕ್ಲಚ್ ಪೂರ್ತಿ ಒತ್ತಿ ನೋಡಿ. ಸದ್ದು ನಿಂತರೆ ಗೇರ್‌ಬಾಕ್ಸಿನೊಳಗಿನ ಬೇರಿಂಗ್ ಸವೆದಿರುವ ಸಂಭವ ಹೆಚ್ಚು, ಕ್ಲಚ್ ಒತ್ತಿದಾಗ ಒಳಗಿನ ಶಾಫ್ಟುಗಳಿಗೆ ಎಂಜಿನ್ನಿನ ಸಂಬಂಧ ಕಡಿಯುತ್ತದಲ್ಲ. ಒತ್ತಿದಾಗಲೇ ಶುರುವಾದರೆ ಮೊದಲ ಅನುಮಾನ ಕ್ಲಚ್ಚಿನ ರಿಲೀಸ್ ಬೇರಿಂಗ್ ಮೇಲೆ. ರಸ್ತೆಗಿಳಿದ ಮೇಲೆ ಕೆಳಗಿನ ಗೇರುಗಳಲ್ಲಿ ಅರಚಿ, ಟಾಪ್‌ಗೆ ಬಿದ್ದೊಡನೆ ತಣ್ಣಗಾದರೆ? ಈ ಹಳೆ ಕಾರುಗಳಲ್ಲಿ ಟಾಪ್ ಗೇರಿನ ಶಕ್ತಿ ನೇರವಾಗಿ ಹಿಂದಕ್ಕೆ ಹೋಗುತ್ತದೆ, ಕೆಳಗಿನ ಗೇರುಗಳ ಶಕ್ತಿ ಹೊರುವ ಲೇಶಾಫ್ಟ್ ಆಗ ಹೊರೆಯಿಲ್ಲದೆ ಸುಮ್ಮನೆ ತಿರುಗುತ್ತಿರುತ್ತದೆ. ಹಾಗಾಗಿ ಲೇಶಾಫ್ಟನ್ನೇ ಹಿಡಿಯಬೇಕು. ನಾಲ್ಕೇ ಗೇರಿನಲ್ಲಿ ಎಷ್ಟು ಚಂದದ ತರ್ಕ!

ಎಲ್ಲ ಗೇರಿನಲ್ಲೂ ಸದ್ದು ಒಂದೇ, ಕಾರಿನ ವೇಗಕ್ಕೆ ತಕ್ಕಂತೆ ಏರುತ್ತದೆ ಅಂದರೆ ಗೇರ್‌ಬಾಕ್ಸ್ ಬಿಟ್ಟು ಹಿಂದಿನ ಆಕ್ಸಲ್ ಕಡೆಗೆ ಹೋಗಿ. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಬಂದರೆ ಕ್ರೌನ್ ಪಿನಿಯನ್. ಬಲಕ್ಕೆ ತಿರುಗಿದಾಗ ಗುಂಯ್‌ಗುಡುವಿಕೆ ಜಾಸ್ತಿಯಾದರೆ ಎಡಗಡೆ ಚಕ್ರದ ಬೇರಿಂಗ್ ನೋಡಿಸಿ, ತಿರುವಿನಲ್ಲಿ ಭಾರವೆಲ್ಲ ಹೊರಗಿನ ಚಕ್ರಕ್ಕೆ ಬೀಳುತ್ತದೆ. ಹೊರಡುವಾಗ, ರಿವರ್ಸ್ ಹಾಕುವಾಗ ‘ಟಕ್’ ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟ್. 1983ರಲ್ಲಿ ಬಂದ, ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಮಾರುತಿ 800ರಲ್ಲಿ ಪ್ರೊಪೆಲ್ಲರ್ ಶಾಫ್ಟೇ ಮಾಯವಾಯಿತು. ಅದರಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಮುಂದಿನಿಂದ ‘ಟಕಟಕ’ ಬಂದರೆ ಆಕ್ಸಲ್ಲಿನ ಹೊರಗಡೆ ಜಾಯಿಂಟ್ ಹೋಗಿದೆ, ಬಹಳ ಸಲ ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಸೋರಿದ್ದರಿಂದ.

ಹಳೆ ಮೇಸ್ತ್ರಿಗಳು ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಗೇರ್‌ಬಾಕ್ಸಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಂದಿನ ಬೇರಿಂಗೋ ಹಿಂದಿನದೋ ಎಂದು ಬಿಚ್ಚುವ ಮೊದಲೇ ಹೇಳುತ್ತಿದ್ದರು. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಆ ಮೇಸ್ತ್ರಿಗಳ ಹತ್ತಿರ ಕೂತು ಆ ವಿದ್ಯೆ ಕಲಿಯುವ ಹುಡುಗರು ಈಗ ಬಹಳ ಕಡಿಮೆ. ಇದು ನನಗೆ ನಿಜವಾದ ದುಃಖದ ಸಂಗತಿ.

ಹಳೆ ಕಾರು ಇಟ್ಟುಕೊಂಡವರಲ್ಲಿ ಒಂದು ಮನವಿ. ಸದ್ದು ಬಂದರೆ ಗ್ಯಾರೇಜಿನಲ್ಲಿ ‘ಗೇರ್‌ಬಾಕ್ಸ್ ಹೋಗಿದೆ’ ಎಂದು ತೀರ್ಪು ಕೊಡಬೇಡಿ. ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ, ಕ್ಲಚ್ ಒತ್ತಿದಾಗಲೋ ಬಿಟ್ಟಾಗಲೋ ಎಂಬುದನ್ನಷ್ಟೇ ಹೇಳಿ. ಬಿಚ್ಚಿಸುವ ಮುಂಚೆ ಆಯಿಲ್ ಮಟ್ಟ ನೋಡಿಸಿ. ಹಿಂದಿನ ಆಕ್ಸಲ್ಲಿನ ಹೈಪಾಯ್ಡ್ ಆಯಿಲ್ಲನ್ನೇ ಗೇರ್‌ಬಾಕ್ಸಿಗೂ ಸುರಿಯಲು ಬಿಡಬೇಡಿ, ಅದರಲ್ಲಿರುವ ರಾಸಾಯನಿಕ ಸಿಂಕ್ರೋಮೆಷ್‌ನ ಹಿತ್ತಾಳೆ ರಿಂಗುಗಳನ್ನು ತಿನ್ನಬಹುದು. ಕಾರಿನ ಕೈಪಿಡಿಯಲ್ಲಿ ಹೇಳಿದ ಆಯಿಲ್ ಯಾವುದೋ ಅದನ್ನೇ ಹಾಕಿಸಿ.