ಧಣಿ ಎಲ್ಲಿ ಕುಂತಾನ?

(ಭಾಲ್ಕಿಯಲ್ಲಿ ಹಾಸ್ಟೆಲ್ ಹುಡುಗರ ಮುಂದೆ ಆಡಿದ ಮಾತು)



ನಮ್ಮ ಬೀದರ, ಭಾಲ್ಕಿ, ಔರಾದ ಒಂದು ಕಾಲಕ್ಕೆ ನಿಜಾಮನ ಸೀಮೆ. ಜಾಗೀರದಾರ ಹೈದರಾಬಾದಿನಲ್ಲಿ ಕೂತಿರುತ್ತಿದ್ದ. ಊರಲ್ಲಿ ಬಾರುಕೋಲು ಹಿಡಿದವನು ಅವನ ಆಳು. ಆಳನ್ನು ಕೇಳಿದರೆ ಧಣಿ ಹುಕುಂ ಅಂತಿದ್ದ. ಧಣಿಯನ್ನು ಕೇಳಿದರೆ ಆಳು ಮಾಡಿದ್ದು ನನಗೇನು ಗೊತ್ತು ಅಂತಿದ್ದ. 1949ರಲ್ಲಿ ಜಾಗೀರು ರದ್ದಾಯಿತು. ಆ ಮಾತು ಸಾಯಲಿಲ್ಲ. ಈಗ ಅದು ಕಂಪನಿಗಳ ಬಾಯಲ್ಲಿ ಅದ.

1984ರ ಡಿಸೆಂಬರಿನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಗಾಳಿ ಸಾವಿರಾರು ಜನರನ್ನು ಕೊಂದಿತು. ಗೋಡೆಗೆ ಹತ್ತಿದ ಜೋಪಡಿಗಳ ಬಡವರೇ ಮೊದಲು ಸತ್ತರು. ನ್ಯಾಯ ಕೇಳಿದ ದಾವೆಯನ್ನು ಅಮೆರಿಕದ ಕೋರ್ಟು 1986ರಲ್ಲಿ ವಾಪಸ್ ಇಲ್ಲಿಗೇ ಅಟ್ಟಿತು. ಕಂಪನಿಯ ದೊಡ್ಡ ಧಣಿ ವಾರೆನ್ ಆಂಡರ್ಸನ್ ಇಲ್ಲಿಯ ವಿಚಾರಣೆಗೆ ನಿಲ್ಲದೆಯೇ 2014ರಲ್ಲಿ ತೀರಿಕೊಂಡ. ನಮಗೆ ಸಿಟ್ಟು ಬರ್ತದ. ಬರಲೇಬೇಕು.

ಆದರೆ ನಮ್ಮ ಅಂಗಳವನ್ನೂ ಒಮ್ಮೆ ನೋಡ್ರಿ. ಗುಲಾಬಿ ಬೆಳೆದು ಮಾರುವ ಬೆಂಗಳೂರಿನ ಕರುಟೂರಿ ಗ್ಲೋಬಲ್ ಕಂಪನಿ 2010ರಲ್ಲಿ ಇಥಿಯೋಪಿಯಾದ ಗಂಬೆಲ್ಲಾದಲ್ಲಿ 1 ಲಕ್ಷ ಹೆಕ್ಟೇರ್ ನೆಲದ ಗುತ್ತಿಗೆ ಹಿಡಿಯಿತು. ಅಂದರೆ ಸುಮಾರು ಎರಡೂವರೆ ಲಕ್ಷ ಎಕರೆ! ಎರಡೆಕರೆ ಗಾಯರಾಣಕ್ಕಾಗಿ ತಹಸೀಲಿ ಮುಂದೆ ಕೂತವರ ಮಕ್ಕಳು ನಾವು; ಈ ಲೆಕ್ಕ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಗಂಬೆಲ್ಲಾದ ಸುಮಾರು 70 ಸಾವಿರ ಮೂಲನಿವಾಸಿಗಳನ್ನು ಅಲ್ಲಿಯ ಸರ್ಕಾರ ಬಲವಂತದಿಂದ ಎಬ್ಬಿಸುತ್ತಿದೆ ಎಂದು 2012ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತು. ನೆಲವನ್ನು ಕಂಪನಿಗಳಿಗೆ ಕೊಡುವುದಕ್ಕೂ ಇದಕ್ಕೂ ನಂಟಿದೆ ಎಂಬ ದೂರೂ ಎದ್ದಿತು. ಸರ್ಕಾರ ಅಲ್ಲಗಳೆಯಿತು. ನಮ್ಮಿಂದ ಯಾರೂ ಒಕ್ಕಲೆದ್ದಿಲ್ಲ ಎಂದಿತು ಕಂಪನಿ. 2015ರಲ್ಲಿ ಗುತ್ತಿಗೆ ರದ್ದಾಯಿತು.

ಸತ್ಯ ಯಾವುದು? ಅದನ್ನು ಕೇಳಲು ಅಲ್ಲಿಯ ಅನುವಾಕ್ ಜನರ ಒಬ್ಬ ಮುದುಕಿ ಬೆಂಗಳೂರಿಗೆ ಬಂದರೆ ಯಾವ ಬಾಗಿಲು ತಟ್ಟಬೇಕು?

ಬಾಗಿಲು ತೆರೆಯಲಾರದ್ದೇನೂ ಅಲ್ಲ. ಜಾಂಬಿಯಾದ ಚಿಂಗೋಲಾ ಸುತ್ತಲ ಹಳ್ಳಿಯವರು, ತಾಮ್ರದ ಗಣಿಯಿಂದ ನೀರು ಕೆಟ್ಟಿತೆಂದು ಲಂಡನ್ನಿನಲ್ಲಿ ದಾವೆ ಹೂಡಿದರು. ಗಣಿಯ ಧಣಿ ವೇದಾಂತ ಕಂಪನಿ. ಅದನ್ನು ಕಟ್ಟಿದವರು ನಮ್ಮ ದೇಶದವರೇ. ಧಣಿಯ ಮೇಲೆ ಅಲ್ಲಿಯೇ ದಾವೆ ನಡೆಯಬಹುದು ಎಂದು 2019ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಹೇಳಿತು. 2021ರಲ್ಲಿ ಕಂಪನಿ, ತಪ್ಪು ಒಪ್ಪದೆ, ರಾಜಿಗೆ ಬಂತು. ಹೊರದೇಶದ ತನ್ನ ಮರಿಕಂಪನಿಗಳ ಮೇಲೂ ತಾಯಿಕಂಪನಿ ನಿಗಾ ಇಡಬೇಕೆಂದು ಫ್ರಾನ್ಸ್ 2017ರಲ್ಲೇ ಕಾನೂನು ಮಾಡಿದೆ. ನಮ್ಮಲ್ಲಿ ಅಂಥ ಕಾನೂನಿಲ್ಲ.

ಭೋಪಾಲಕ್ಕಾಗಿ ಅಮೆರಿಕವನ್ನು ಕೇಳುವ ನಾವೇ ಗಂಬೆಲ್ಲಾಕ್ಕಾಗಿ ಬೆಂಗಳೂರನ್ನೂ ಕೇಳಬೇಕು. ಎದುರಿನವನು ನಮ್ಮ ನಾಡಿನವನೆಂದು ಬಾಯಿ ಮುಚ್ಚಿದರೆ, ನಾವೂ ಆ ಜಾಗೀರದಾರನ ಆಳುಗಳೇ.

ಜೈ ಭೀಮ್.