ವಿಚಾರಕ್ಕೆ ಬೇಡಿ ತೊಡಿಸಬಹುದೇ?



ಸಾಮ್ಯವಾದವು ಒಳ್ಳೆಯದೋ ಕೆಟ್ಟದ್ದೋ ಎಂಬದನ್ನು ನಿರ್ಣಯಿಸಲು ಇಂದು ನಾವು ಇಲ್ಲಿ ನಿಂತಿಲ್ಲ. ನಾವು ಆ ಪಂಥದವರಲ್ಲ. ವರ್ಗ-ವರ್ಗಗಳ ನಡುವೆ ದ್ವೇಷವನ್ನು ಬೆಳೆಯಿಸಿ ರಾಷ್ಟ್ರವನ್ನು ಕಟ್ಟಬಹುದೆಂಬ ಮಾತು ನಮ್ಮ ಮನಸ್ಸಿಗೆ ಒಪ್ಪುವದಿಲ್ಲ. ಆದರೆ ತಮಗೆ ಸೇರದ ವಿಚಾರವೊಂದು ನಾಡಿನಲ್ಲಿ ಹಬ್ಬತೊಡಗಿದಾಗ ರಾಜ್ಯವಾಳುವವರು ಅದರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆಯೇ ಬೇರೆ. ಅದು ನ್ಯಾಯದ ಪ್ರಶ್ನೆ. ಕಾಯದೆಯ ಪುಸ್ತಕಗಳೊಡನೆ ಕಾಲ ಕಳೆಯುವ ನಮ್ಮಂಥ ವಕೀಲರು ಅದಕ್ಕೆ ಉತ್ತರ ಹೇಳಲೇಬೇಕು. ಮೊದಲು ಪರಕೀಯ ಸರಕಾರದ ನಡತೆಯನ್ನೂ ಬಳಿಕ ನಮ್ಮವರದೇ ನಡತೆಯನ್ನೂ ತೂಗಿ ನೋಡೋಣ. ತಕ್ಕಡಿ ಮಾತ್ರ ಒಂದೇ ಇರಲಿ.

1917ರ ರಶಿಯದ ಕ್ರಾಂತಿಯ ಸುದ್ದಿಯು ಹಿಂದುಸ್ತಾನವನ್ನು ಮುಟ್ಟಿದಂದಿನಿಂದಲೇ ಆಂಗ್ಲ ಸರಕಾರಕ್ಕೆ ನಿದ್ರೆ ಕೆಟ್ಟಿತು. ರಶಿಯಕ್ಕೆ ಹೋಗಿ ಮರಳಿದ ತರುಣರ ಮೇಲೆ ಪೇಶಾವರದಲ್ಲಿ ಖಟ್ಲೆಗಳು ನಡೆದವು. 1924ರಲ್ಲಿ ಕಾನಪುರದ ಒಳಸಂಚಿನ ಖಟ್ಲೆಯಲ್ಲಿ ಮುಜಫರ್ ಅಹಮದ್, ಡಾಂಗೆ, ಶೌಕತ್ ಉಸ್ಮಾನಿ, ನಳಿನಿ ಗುಪ್ತ ಈ ನಾಲ್ವರಿಗೆ ನಾಲ್ಕು ನಾಲ್ಕು ವರ್ಷಗಳ ಶಿಕ್ಷೆಯಾಯಿತು. ಇನ್ನು ಈ ಪೀಡೆ ತೊಲಗಿತೆಂದು ಸರಕಾರವು ಭಾವಿಸಿರಬೇಕು. ಆದರೆ ಆದದ್ದೇನು? ಮರುವರುಷವೇ, 1925ರ ಡಿಸೆಂಬರದಲ್ಲಿ, ಅದೇ ಕಾನಪುರದಲ್ಲಿ ಕಮ್ಯುನಿಸ್ಟರ ಪರಿಷತ್ತು ಬಹಿರಂಗವಾಗಿ ಕೂಡಿತು. ಅದರ ಕಾರ್ಯದರ್ಶಿಗಳಲ್ಲೊಬ್ಬರಾಗಿ ಆರಿಸಿ ಬಂದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಸಚ್ಚಿದಾನಂದ ವಿಷ್ಣು ಘಾಟೆಯವರು. ಇದು ಸೆರೆಮನೆಯ ಮೊದಲನೆಯ ಫಲ.

1928ರಲ್ಲಿ ಮುಂಬಯಿಯ ಗಿರಣಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಮಜೂರರು ತಿಂಗಳುಗಟ್ಟಲೆ ಮುಷ್ಕರ ಹೂಡಿದರು. ಮಜೂರರು ಕೇಳಿದ್ದು ಹೊಟ್ಟೆಯ ಪ್ರಶ್ನೆ. ಸರಕಾರವು ಕಂಡದ್ದು ಮಾಸ್ಕೋದ ಕೈವಾಡ. ಪರದೇಶದ ಚಳುವಳಿಗಾರರನ್ನು ವಿಚಾರಣೆಯಿಲ್ಲದೆ ಗಡಿಪಾರು ಮಾಡುವ ಸಾರ್ವಜನಿಕ ಸುರಕ್ಷಿತತೆಯ ಮಸೂದೆಯು ಶಾಸನಸಭೆಯ ಮುಂದೆ ಬಂದಿತು. ಮತಗಳು ಸರಿಸಮವಾಗಲು ಅಧ್ಯಕ್ಷ ವಿಠ್ಠಲಭಾಯಿ ಪಟೇಲರು ತಮ್ಮ ನಿರ್ಣಾಯಕ ಮತವನ್ನು ವಿರುದ್ಧವಾಗಿ ಕೊಟ್ಟು ಅದನ್ನು ಕೆಡಹಿದರು. ಮರುವರುಷ ಅದು ಮತ್ತೆ ಬಂದಿತು. ಅಷ್ಟರಲ್ಲಿ ಮೀರತ್ತಿನ ಬಂಧನಗಳಾಗಿದ್ದವು. ಕೋರ್ಟಿನ ಮುಂದಿರುವ ವಿಷಯವನ್ನು ಎತ್ತದೆ ಈ ಮಸೂದೆಯನ್ನು ಚರ್ಚಿಸುವದು ಶಕ್ಯವಿಲ್ಲವೆಂದು ಪಟೇಲರು 1929ರ ಏಪ್ರಿಲದಲ್ಲಿ ತೀರ್ಪಿತ್ತರು. ಎರಡೇ ದಿನಗಳಲ್ಲಿ ವೈಸರಾಯ ಇರ್ವಿನ್ನರು ಅದನ್ನೇ ಸುಗ್ರೀವಾಜ್ಞೆಯಾಗಿ ಹೊರಡಿಸಿದರು. ಸಭೆಯು ಒಪ್ಪಿದರೆ ಕಾಯದೆ, ಒಪ್ಪದಿದ್ದರೆ ಅಪ್ಪಣೆ! ಪರರಾಜ್ಯದ ನ್ಯಾಯವೆಂದರೆ ಇದು.

ಇನ್ನು ಮೀರತ್ತಿನ ಮಾತು. 1929ರ ಮಾರ್ಚ 20ರಂದು ದೇಶದ ನಾನಾ ಭಾಗಗಳಲ್ಲಿ 31 ಜನರನ್ನು ಹಿಡಿದರು. ಬಳಿಕ ಇನ್ನೊಬ್ಬರು ಸೇರಿದರು. ಸ್ಪ್ರಾಟ್, ಬ್ರಾಡ್ಲಿ, ಹಚಿನ್ಸನ್ ಎಂಬ ಮೂವರು ಆಂಗ್ಲರೂ ಅವರಲ್ಲಿದ್ದರು. ಘಾಟೆಯವರೂ ಇದ್ದರು. ಹಿಂದುಸ್ತಾನದ ಮೇಲಣ ಚಕ್ರವರ್ತಿಯ ಪ್ರಭುತ್ವವನ್ನು ಕಿತ್ತುಹಾಕಲು ಒಳಸಂಚು ಮಾಡಿದರೆಂಬದು ದಂಡಸಂಹಿತೆಯ 121ಅ ಕಲಮಿನ ಕೆಳಗಿನ ಆರೋಪ. ಇವರು ಮುಖ್ಯವಾಗಿ ಕೆಲಸ ಮಾಡಿದ್ದು ಮುಂಬಯಿ-ಕಲಕತ್ತೆಗಳಲ್ಲಿ. ಖಟ್ಲೆಯನ್ನು ಹೂಡಿದ್ದು ಮೀರತ್ತಿನಲ್ಲಿ. ಏಕೆಂದರೆ ಆ ಮಹಾನಗರಗಳಲ್ಲಿ ಜ್ಯೂರಿಯ ಮುಂದೆ ವಿಚಾರಣೆ ನಡೆಯಬೇಕಾಗುತ್ತಿತ್ತು. ಮೀರತ್ತಿನಲ್ಲಿ ಆ ತೊಡಕಿರಲಿಲ್ಲ. 300ಕ್ಕೂ ಮಿಕ್ಕ ಸಾಕ್ಷಿಗಳಾದರು. ಪುರಾವೆಯೆಂದು ಮುಂದಿಟ್ಟದ್ದು ಸಾವಿರಾರು ಕಾಗದಗಳು, ಪುಸ್ತಕಗಳು, ಭಾಷಣದ ಟಿಪ್ಪಣಿಗಳು. ಆರೋಪಿಗಳಲ್ಲೊಬ್ಬರಾದ ವೃದ್ಧ ಠೇಂಗಡಿಯವರು ವಿಚಾರಣೆ ಮುಗಿಯುವ ಮೊದಲೇ ತೀರಿಕೊಂಡರು. 1933ರ ಜನವರಿಯಲ್ಲಿ ತೀರ್ಪು ಬಂದಿತು. ಮುಜಫರ್ ಅಹಮದರಿಗೆ ಜೀವಾವಧಿ ಕರಿನೀರು. ಘಾಟೆ, ಡಾಂಗೆ, ಸ್ಪ್ರಾಟ್ ಮೊದಲಾದವರಿಗೆ 12 ವರ್ಷ.

ಅದೇ ವರ್ಷದ ಆಗಸ್ಟದಲ್ಲಿ ಅಲಹಾಬಾದ ಹೈಕೋರ್ಟು ಅಪೀಲನ್ನು ಕೇಳಿ ಹಲವರನ್ನು ಬಿಟ್ಟುಬಿಟ್ಟಿತು. ಎಲ್ಲಕ್ಕೂ ದೊಡ್ಡ ಶಿಕ್ಷೆಯೇ 3 ವರ್ಷಕ್ಕೆ ಇಳಿಯಿತು. ಆ ತೀರ್ಪಿನ ಒಂದು ಭಾವವನ್ನು ನಾವೆಲ್ಲರೂ ನೆನಪಿನಲ್ಲಿಡತಕ್ಕದ್ದು: ನಂಬಿಕೆಯಿಂದ ಹುಟ್ಟಿದ ರಾಜಕೀಯ ಅಪರಾಧಕ್ಕೆ ಕಠೋರ ಶಿಕ್ಷೆ ಕೊಟ್ಟರೆ ಅದು ತನ್ನ ಉದ್ದೇಶವನ್ನೇ ಕೆಡಿಸುತ್ತದೆ, ಅಪರಾಧಿಯ ನಂಬಿಕೆಯು ಗಟ್ಟಿಯಾಗಿ ಹೊಸ ಅಪರಾಧಿಗಳು ಹುಟ್ಟುತ್ತಾರೆ. ಹಾಗೆಯೇ ಆಯಿತು. ಆರೋಪಿಗಳು ನ್ಯಾಯಾಲಯವನ್ನೇ ವ್ಯಾಸಪೀಠ ಮಾಡಿಕೊಂಡು ತಮ್ಮ ಸಿದ್ಧಾಂತವನ್ನು ದಿನದಿನವೂ ಸಾರಿದರು. ವೃತ್ತಪತ್ರಗಳು ಅದನ್ನು ಊರೂರಿಗೆ ಮುಟ್ಟಿಸಿದವು. ಸಾಮ್ಯವಾದಕ್ಕೆ ಇಷ್ಟು ದೊಡ್ಡ ಪ್ರಚಾರವನ್ನು ಸರಕಾರವೇ ಸ್ವಂತ ಖರ್ಚಿನಿಂದ ಮಾಡಿಕೊಟ್ಟಿತು!

ನಮ್ಮ ಮುಂದಾಳುಗಳು ಆಗ ಏನು ಮಾಡಿದರು? ಮೋತೀಲಾಲ ನೆಹರೂ ಹಾಗೂ ಜವಾಹರಲಾಲರು ಆರೋಪಿಗಳ ರಕ್ಷಣೆಗಾಗಿ ಸಮಿತಿಯನ್ನು ಕಟ್ಟುವದರಲ್ಲಿ ಸೇರಿದರು. ಅಹಿಂಸೆಯನ್ನು ಒಪ್ಪದ ಆ ಕೈದಿಗಳನ್ನು ಕಾಣಲು ಗಾಂಧೀಜಿಯವರು 1929ರ ಅಕ್ಟೋಬರದಲ್ಲಿ ಮೀರತ್ತಿನ ಸೆರೆಮನೆಗೆ ಹೋದರು. ಮತಭೇದವು ಮನುಷ್ಯನ ಹಕ್ಕನ್ನು ಕಳೆಯುವದಿಲ್ಲವೆಂಬದನ್ನು ಅವರು ನಡೆದು ತೋರಿಸಿದರು. ಸರಕಾರವಾದರೋ ಕಲಿಯಲಿಲ್ಲ. 1934ರಲ್ಲಿ ಪಕ್ಷವನ್ನೇ ಬಹಿಷ್ಕರಿಸಿತು. 1942ರ ಜುಲೈದಲ್ಲಿ ಆ ಬಹಿಷ್ಕಾರವನ್ನು ತೆಗೆದದ್ದು ನ್ಯಾಯಬುದ್ಧಿ ಹುಟ್ಟಿತೆಂದಲ್ಲ. ರಶಿಯವು ಯುದ್ಧದಲ್ಲಿ ಇಂಗ್ಲಂಡದ ಪಕ್ಕಕ್ಕೆ ಬಂದು, ಕಮ್ಯುನಿಸ್ಟರು ಆ ಯುದ್ಧವನ್ನು ಬೆಂಬಲಿಸಿದರೆಂದು. ಮರುತಿಂಗಳಲ್ಲೇ ಕಾಂಗ್ರೆಸ್ಸಿನವರು ಸೆರೆಮನೆಯೊಳಗೆ!

ಬಾಂಧವರೇ, ಇಲ್ಲಿಯವರೆಗೆ ಚಪ್ಪಾಳೆ ತಟ್ಟುವದು ಸುಲಭ. ಇನ್ನು ನಮ್ಮ ಸರದಿ. 1948ರ ಕಲಕತ್ತೆಯ ಅಧಿವೇಶನದಲ್ಲಿ ರಣದಿವೆಯವರ ಮುಂದಾಳುತನದಲ್ಲಿ ಕಮ್ಯುನಿಸ್ಟ್ ಪಕ್ಷವು ಸ್ವತಂತ್ರ ಭಾರತದ ಸರಕಾರದ ವಿರುದ್ಧವೇ ದಂಗೆಯ ದಾರಿ ಹಿಡಿದದ್ದು ನಿಜ. ಕೊಲೆ, ಕೊಳ್ಳಿಗಳಿಗೆ ಶಿಕ್ಷೆಯಾಗಲೇಬೇಕು, ಅದಕ್ಕೆ ದಂಡಸಂಹಿತೆಯಿದೆ. ಆದರೆ ಅಷ್ಟಕ್ಕೆ ನಿಲ್ಲದೆ ಬಂಗಾಲ, ಮದ್ರಾಸುಗಳಲ್ಲಿ ಪಕ್ಷವನ್ನೇ ಬಹಿಷ್ಕರಿಸಲಾಯಿತು. ವಿಚಾರಣೆಯಿಲ್ಲದೆ ಜನರನ್ನು ಕೂಡಿಹಾಕಲಾಯಿತು. 1950ರ ಫೆಬ್ರುವರಿ 11ರಂದು, ಸಂವಿಧಾನವು ಜಾರಿಯಾಗಿ ಹದಿನಾರು ದಿನಗಳಾಗಿದ್ದಾಗ, ಸೇಲಂ ಸೆರೆಮನೆಯೊಳಗೆ ಗುಂಡು ಹಾರಿ 22 ಕಮ್ಯುನಿಸ್ಟ್ ಕೈದಿಗಳು ಸತ್ತರು. ಗೋಡೆಯೊಳಗಿದ್ದವರು ಗೋಡೆಯೊಳಗೇ ಸತ್ತರು. ಅದೇ ತಿಂಗಳು ಪ್ರತಿಬಂಧಕ ಸ್ಥಾನಬದ್ಧತೆಯ ಕಾಯದೆ ಬಂದಿತು. ಅದನ್ನು ಮಂಡಿಸುವ ಮುನ್ನ ತಮಗೆ ನಿದ್ರೆ ಬರಲಿಲ್ಲವೆಂದು ಸರದಾರ ಪಟೇಲರೇ ಒಪ್ಪಿಕೊಂಡರು. ಸುರಕ್ಷಿತತೆಯ ಮಸೂದೆಯನ್ನು ಕೆಡಹಿದ ವಿಠ್ಠಲಭಾಯಿಯವರ ಒಡಹುಟ್ಟಿದ ತಮ್ಮ ಅವರು! ಒಂದು ವರ್ಷಕ್ಕೆಂದು ಬಂದ ಆ ಕಾಯದೆಯು ಮೇಲಿಂದ ಮೇಲೆ ಬೆಳೆದು 1969ರ ಕೊನೆಯವರೆಗೂ ಬಾಳಿತು.

1947ರ ಡಿಸೆಂಬರದಿಂದ ಬಂಧನದಲ್ಲಿದ್ದ ಎ. ಕೆ. ಗೋಪಾಲನ್ನರು ಸರ್ವೋಚ್ಚ ನ್ಯಾಯಾಲಯದ ಬಾಗಿಲು ಬಡಿದರು. ಹಿಂದೆ ಮಂಗಳೂರಿನಲ್ಲಿ ವಕೀಲಿ ನಡೆಸಿದ್ದ ಎಂ. ಕೆ. ನಂಬಿಯಾರರು ಅವರ ಪರವಾಗಿ ವಾದಿಸಿದರು. 1950ರ ಮೇ 19ರಂದು ನ್ಯಾಯಾಲಯವು ಒಂದು ಕಲಮನ್ನು ಮಾತ್ರ ಕಿತ್ತು ಉಳಿದ ಕಾಯದೆಯನ್ನು ಎತ್ತಿಹಿಡಿಯಿತು. ಒಂದು ವಾರದ ಮೇಲೆ, ರಮೇಶ ಥಾಪರರ 'ಕ್ರಾಸ್ ರೋಡ್ಸ್' ಪತ್ರಿಕೆಗೆ ಮದ್ರಾಸ ಸರಕಾರವು ಹಾಕಿದ ತಡೆಯನ್ನು ಅದೇ ನ್ಯಾಯಾಲಯವು ರದ್ದುಪಡಿಸಿತು. ನಾವು ಸಂತೋಷಪಡುವಷ್ಟರಲ್ಲಿ 1951ರಲ್ಲಿ ಸಂವಿಧಾನವನ್ನೇ ತಿದ್ದಲಾಯಿತು. ಇರ್ವಿನ್ನರ ಅಪ್ಪಣೆಯನ್ನು ಹಳಿದ ನಾಲಗೆಯಿಂದ ಇದನ್ನು ಹೊಗಳುವದು ನಮ್ಮಿಂದಾಗದು.

ಹಾಗಾದರೆ ಯಾವ ಉಪಾಯವು ಫಲಿಸಿತು? ತೆಲಂಗಾಣವನ್ನು ನೋಡಿರಿ. ನಮ್ಮ ಕಲಬುರ್ಗಿ, ರಾಯಚೂರು, ಬೀದರಗಳಿದ್ದ ನಿಜಾಮನ ರಾಜ್ಯದಲ್ಲೇ ದೇಶಮುಖರ ಬಿಟ್ಟಿ ದುಡಿಮೆಗೆ ಬೇಸತ್ತ ರೈತರು ಕಮ್ಯುನಿಸ್ಟರ ಹಿಂದೆ ನಿಂತರು. 1948ರಿಂದ ಸೈನ್ಯವು ಅವರನ್ನು ಬೆನ್ನಟ್ಟಿತು. ಆದರೆ ಬೇರಿಗೆ ಕೈ ಹಾಕಿದ್ದು 1949ರಲ್ಲಿ ಜಹಗೀರುಗಳನ್ನು ತೆಗೆದುಹಾಕಿದ ಕಾಯದೆ, 1950ರ ಗೇಣಿ ಕಾಯದೆ. 1951ರ ಏಪ್ರಿಲ 18ರಂದು ವಿನೋಬಾರವರು ಪೋಚಂಪಳ್ಳಿಗೆ ಬರಿಗೈಯಿಂದ ಹೋಗಿ ಹರಿಜನರಿಗಾಗಿ ನೂರು ಎಕರೆ ಭೂಮಿ ಪಡೆದರು. ಅದೇ ವರ್ಷದ ಅಕ್ಟೋಬರದಲ್ಲಿ ಕಮ್ಯುನಿಸ್ಟರು ಹೋರಾಟವನ್ನು ನಿಲ್ಲಿಸಿದರು; ಬಂದೂಕು ಬಿಟ್ಟು ಚುನಾವಣೆಗೆ ನಿಂತು ನಲಗೊಂಡೆಯಲ್ಲಿ ಗೆದ್ದರು. ಅವರು ಲೋಕಸಭೆಯಲ್ಲಿ ಕುಳಿತದ್ದರಿಂದ ದೇಶವು ಮುಳುಗಲಿಲ್ಲ. ಆದರೂ 1957ರಲ್ಲಿ ಮತದಿಂದಲೇ ಬಂದ ಕೇರಳದ ಕಮ್ಯುನಿಸ್ಟ್ ಸರಕಾರವನ್ನು 1959ರ ಜುಲೈ 31ರಂದು ದಿಲ್ಲಿಯು ವಜಾ ಮಾಡಿತು. ಅವರು 1967ರಲ್ಲಿ ತಿರುಗಿ ಬಂದರು.

ನಮ್ಮ ಕರ್ನಾಟಕವೇ ಒಂದು ಒಳ್ಳೆಯ ಉತ್ತರವನ್ನು ಕೊಟ್ಟಿದೆ. ದೇವರಾಜ ಅರಸರ ಸರಕಾರದ ಕಾಲದಲ್ಲಿ, 1974ರ ತಿದ್ದುಪಡಿಯಿಂದ ಉಳುವವನನ್ನು ಭೂಮಿಯ ಒಡೆಯನನ್ನಾಗಿ ಮಾಡುವ ಹಾದಿ ತೆರೆಯಿತು. ಕೆಂಬಾವುಟದವರು ಕೇಳುತ್ತಿದ್ದುದನ್ನು ಕಾಯದೆಯೇ ಮಾಡಿತು. ಅದರ ನ್ಯಾಯಮಂಡಳಿಗಳಲ್ಲಿ ವಕೀಲರಿಗೆ ಪ್ರವೇಶವಿಲ್ಲವೆಂದು ಕಾಯದೆಯಲ್ಲಿ ಬರೆದಿದ್ದರು. ಅದಕ್ಕಾಗಿ ನಾವು ದುಃಖಪಡುವದಿಲ್ಲ!

ಕೊನೆಗೊಂದು ಮಾತು. ಮೀರತ್ತಿನ ಆರೋಪಿ ಫಿಲಿಪ್ ಸ್ಪ್ರಾಟರು ಮುಂದೆ ಸಾಮ್ಯವಾದವನ್ನು ತೊರೆದು, ನಮ್ಮ ಬೆಂಗಳೂರಿನಲ್ಲಿ ನೆಲೆಸಿ, 'ಮೈಸಿಂಡಿಯಾ' ಪತ್ರಿಕೆಯ ಸಂಪಾದಕರಾಗಿ ಅದನ್ನು ಕಟುವಾಗಿ ಟೀಕಿಸಿದರು. ಅವರ ಮನಸ್ಸನ್ನು ತಿರುಗಿಸಿದ್ದು ನ್ಯಾಯಾಧೀಶರ ಶಿಕ್ಷೆಯಲ್ಲ. ಸ್ವಂತ ಓದು ಮತ್ತು ರಶಿಯದ ಆಳ್ವಿಕೆಯ ನಡತೆ. ವಿಚಾರವನ್ನು ಸೋಲಿಸುವದು ವಿಚಾರವೇ. ಕೃತ್ಯವನ್ನು ದಂಡಿಸಿರಿ, ಮಾತಿಗೆ ಮಾತಿನಿಂದ ಉತ್ತರ ಕೊಡಿರಿ, ಹಸಿವಿಗೆ ಅನ್ನವನ್ನೂ ಭೂಮಿಯನ್ನೂ ಕೊಡಿರಿ. ನಾವು ಒಪ್ಪದವನ ಹಕ್ಕಿಗಾಗಿ ನಿಲ್ಲಲಾರದಿದ್ದರೆ, ನಮ್ಮ ಹಕ್ಕಿಗೆ ಕುತ್ತು ಬಂದ ದಿನ ನಿಲ್ಲುವವರು ಯಾರೂ ಉಳಿದಿರುವದಿಲ್ಲ. ಇಷ್ಟನ್ನು ತಮ್ಮ ವಿಚಾರಕ್ಕೆ ಬಿಟ್ಟು ನಾವು ವಿರಮಿಸುತ್ತೇವೆ.