‘ಹಾಗಾದ್ರೆ ನಾನು ಒಳಗೆ ಕೂತಿದ್ದು ವೇಸ್ಟಾ?’: ಶೀಲ್ಡಿಂಗ್ ಲೆಕ್ಕ ಓದೋದು ಹೇಗೆ

ಇವತ್ತಿನ ಎಪಿಸೋಡ್ ಹುಟ್ಟಿದ್ದು ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ.

ನಮ್ಮ ದೊಡ್ಡಮ್ಮನ ಮಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾನೆ. ಅತ್ತಿಗೆಗೆ ಕಿಡ್ನಿ ಕಸಿ ಆಗಿದೆ. 2020ರ ಮಾರ್ಚ್ ಕೊನೆಯಲ್ಲಿ ಅವರಿಗೆ ಎನ್‌ಎಚ್‌ಎಸ್‌ನಿಂದ, ಅಂದ್ರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಿಂದ, ಒಂದು ಪತ್ರ ಬಂತು. ‘ಕೋವಿಡ್ ಬಂದರೆ ನಿಮಗೆ ಅಪಾಯ ತುಂಬಾ ಜಾಸ್ತಿ. 12 ವಾರ ಮನೆಯಿಂದ ಹೊರಗೆ ಬರಬೇಡಿ’ ಅನ್ನೋದು ಅದರ ಸಾರ. ದಿನಸಿ ತರೋದಕ್ಕೂ ಹೋಗುವ ಹಾಗಿಲ್ಲ, ವಾಕಿಂಗೂ ಇಲ್ಲ. ಮನೆಯಲ್ಲಿ ಬೇರೆಯವರಿದ್ದರೆ ಅವರಿಂದಲೂ ಎರಡು ಮೀಟರ್ ದೂರ. ಇದಕ್ಕೆ ಅಲ್ಲಿ ಇಟ್ಟ ಹೆಸರು ಶೀಲ್ಡಿಂಗ್. ಅತ್ತಿಗೆ ಮಹಡಿ ಮೇಲಿನ ರೂಮಿನಲ್ಲಿ, ಅಣ್ಣ, ಮಗು ಕೆಳಗೆ. ಆಗ ಮಗುಗೆ ಮೂರು ವರ್ಷ. ಮೆಟ್ಟಿಲ ಹತ್ತಿರ ನಿಂತು ‘ಅಮ್ಮಾ’ ಅಂತ ಕೂಗ್ತಿತ್ತಂತೆ.

ಹೋದ ತಿಂಗಳು ಯಾರೋ ಗ್ರೂಪಿಗೆ ಒಂದು ಸಂಶೋಧನೆಯ ಸುದ್ದಿ ಹಾಕಿದ್ರು. ಶೀಲ್ಡಿಂಗ್ ಮಾಡಿದವರಲ್ಲೇ ಕೋವಿಡ್ ಸೋಂಕು 8 ಪಟ್ಟು ಹೆಚ್ಚು, ಸೋಂಕು ತಗುಲಿದ ಮೇಲೆ ಸತ್ತಿದ್ದೂ 5 ಪಟ್ಟು ಹೆಚ್ಚು ಅಂತ. ಅದನ್ನ ಓದಿ ಅತ್ತಿಗೆ ನನಗೆ ಬೇರೆಯಾಗಿ ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು. ‘ನೀನು ಈ ಅಂಕಿಅಂಶ ಎಲ್ಲಾ ನೋಡ್ತೀಯಲ್ಲೋ. ಹಾಗಾದ್ರೆ ನಾನು ಅಷ್ಟು ದಿನ ಒಳಗೆ ಕೂತಿದ್ದು ವೇಸ್ಟಾ?’

ನಾನು ಡಾಕ್ಟರ್ ಅಲ್ಲ, ಬಿ.ಕಾಂ ಓದಿದವನು. ಆದರೆ ಲೆಕ್ಕದ ಪುಸ್ತಕ ಓದೋದನ್ನ ಕಲಿಸಿದ್ದಾರೆ. ಒಂದು ನಂಬರ್ ಕಂಡರೆ ಅದು ಎಲ್ಲಿಂದ ಬಂತು, ಯಾವುದರ ಜೊತೆ ಹೋಲಿಸಿದ್ದಾರೆ, ಅದರಲ್ಲಿ ಏನು ಬಿಟ್ಟಿದ್ದಾರೆ ಅಂತ ಕೇಳಬೇಕು. ಇವತ್ತು ಅಷ್ಟೇ ಮಾಡೋಣ.

ಮೊದಲು ಪಟ್ಟಿಯ ಕಥೆ. ಇಂಗ್ಲೆಂಡಿನಲ್ಲಿ ಲಾಕ್‌ಡೌನ್ ಘೋಷಣೆ ಆಗಿದ್ದು 2020ರ ಮಾರ್ಚ್ 23ಕ್ಕೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಶೀಲ್ಡಿಂಗ್ ಪಟ್ಟಿಯನ್ನೂ ತಯಾರು ಮಾಡಬೇಕಿತ್ತು. ಅಂಗಾಂಗ ಕಸಿ ಆದವರು, ಕೆಲವು ಬಗೆಯ ಕ್ಯಾನ್ಸರ್‌ಗೆ ಚಿಕಿತ್ಸೆ ತಗೊಳ್ತಿರೋರು, ತೀವ್ರ ಶ್ವಾಸಕೋಶದ ಕಾಯಿಲೆ ಇರೋರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಮೇಲಿರೋರು, ಹೀಗೆ. ಮನೆಮನೆಗೆ ಹೋಗಿ ಕೇಳುವಷ್ಟು ಟೈಮ್ ಇರಲಿಲ್ಲ. ಕಂಪ್ಯೂಟರಿನಲ್ಲಿದ್ದ ಆಸ್ಪತ್ರೆ ದಾಖಲೆ, ಔಷಧಿ ದಾಖಲೆಗಳನ್ನ ಜಾಲಾಡಿ ಹೆಸರು ತೆಗೆದರು. ಏಪ್ರಿಲ್ ಮಧ್ಯದ ಹೊತ್ತಿಗೆ 13 ಲಕ್ಷ ಜನ. ಆಮೇಲೆ ವೈದ್ಯರು ತಮಗೆ ಗೊತ್ತಿರೋ ರೋಗಿಗಳನ್ನ ಸೇರಿಸ್ತಾ ಹೋದರು, ಮೇ ಮೊದಲ ವಾರದ ಹೊತ್ತಿಗೆ ಪಟ್ಟಿ 22 ಲಕ್ಷಕ್ಕೆ ಬಂತು. ಇಂಗ್ಲೆಂಡಿನ ಜನಸಂಖ್ಯೆಯಲ್ಲಿ ಇದು ಸುಮಾರು 4%.

ಒಂದು ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ. ಬರೀ ವಯಸ್ಸಾಗಿದೆ ಅನ್ನೋ ಕಾರಣಕ್ಕೆ ಯಾರನ್ನೂ ಈ ಪಟ್ಟಿಗೆ ಸೇರಿಸಲಿಲ್ಲ. 70 ದಾಟಿದವರು, ಸಕ್ಕರೆ ಕಾಯಿಲೆ ಇರೋರು, ಇವರಿಗೆಲ್ಲ ‘ಹುಷಾರಾಗಿರಿ’ ಅಂತ ಹೇಳಿದ್ರು, ಶೀಲ್ಡಿಂಗ್ ಪತ್ರ ಹೋಗಲಿಲ್ಲ.

ಪಟ್ಟಿ ಮಾಡಿದ ಮೇಲೆ ಅದರಲ್ಲಿರೋರಿಗೆ ಊಟ, ಔಷಧಿ ತಲುಪಿಸಬೇಕಲ್ಲ. 5 ಲಕ್ಷಕ್ಕೂ ಹೆಚ್ಚು ಜನರ ಮನೆ ಬಾಗಿಲಿಗೆ ದಿನಸಿ ಬಾಕ್ಸ್ ಹೋಯ್ತು. ಅದು ಸಣ್ಣ ಕೆಲಸ ಅಲ್ಲ. ಆದರೆ ಏನು ಬೇಕು ಅಂತ ಕೇಳೋದಕ್ಕೆ ಕಾಲ್ ಸೆಂಟರಿನಿಂದ ಫೋನ್ ಮಾಡಿದಾಗ, ಸುಮಾರು 3.75 ಲಕ್ಷ ಜನ ಸಿಗಲೇ ಇಲ್ಲ. ಕಾರಣ? ಆರೋಗ್ಯ ದಾಖಲೆಯಲ್ಲಿ ಅವರ ಫೋನ್ ನಂಬರ್ ಇರಲಿಲ್ಲ, ಅಥವಾ ತಪ್ಪಿತ್ತು. ಆ ದೇಶದ ಲೆಕ್ಕಪರಿಶೋಧನಾ ಸಂಸ್ಥೆ 2021ರ ಫೆಬ್ರವರಿಯಲ್ಲಿ ಇದನ್ನ ವರದಿಯಲ್ಲೇ ಬರೆದಿದೆ.

ಡೇಟಾ ತಪ್ಪಿದ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ತಮಾಷೆ ಉದಾಹರಣೆಯೂ ಇದೆ. 2021ರ ಫೆಬ್ರವರಿಯಲ್ಲಿ ಲಿವರ್‌ಪೂಲ್‌ನ 32 ವರ್ಷದ ಪತ್ರಕರ್ತರೊಬ್ಬರಿಗೆ ಲಸಿಕೆಗೆ ಬೇಗ ಕರೆ ಬಂತು. ಆರೋಗ್ಯವಾಗಿದ್ದ ಮನುಷ್ಯ. ವಿಚಾರಿಸಿದ್ರೆ, ಅವರ ಎತ್ತರ 6 ಅಡಿ 2 ಇಂಚು ಅನ್ನೋದು ದಾಖಲೆಯಲ್ಲಿ 6.2 ಸೆಂಟಿಮೀಟರ್ ಅಂತ ಕೂತಿತ್ತು. ಕಂಪ್ಯೂಟರ್ ಲೆಕ್ಕ ಹಾಕಿದ ಅವರ ಬಿಎಂಐ 28,000! ನಗು ಬರುತ್ತೆ. ಆದರೆ ಆ ತಪ್ಪಿನಿಂದ ಅವರು ಪಟ್ಟಿ ಒಳಗೆ ಬಂದರು, ಅದಕ್ಕೇ ನಾವು ನಗ್ತೀವಿ. ಅಂಥದ್ದೇ ತಪ್ಪಿನಿಂದ ಪಟ್ಟಿಯ ಹೊರಗೆ ಉಳಿದವರಿಗೆ ತಾವು ಹೊರಗೆ ಉಳಿದಿದ್ದೀವಿ ಅಂತಲೇ ಗೊತ್ತಾಗಲ್ಲ.

ಸರಿ, ಈಗ ಅತ್ತಿಗೆಯ ಪ್ರಶ್ನೆಗೆ ಬರೋಣ. ಆ 8 ಪಟ್ಟು, 5 ಪಟ್ಟು ಎಲ್ಲಿಂದ ಬಂತು? ಅದು ಇಂಗ್ಲೆಂಡಿನದ್ದಲ್ಲ, ಪಕ್ಕದ ಸ್ಕಾಟ್ಲೆಂಡಿನದ್ದು. ಅಲ್ಲೂ ಇದೇ ಥರ ಶೀಲ್ಡಿಂಗ್ ಇತ್ತು. ಗ್ಲಾಸ್ಗೋ ವಿಶ್ವವಿದ್ಯಾಲಯದವರು ಆ ಭಾಗದ ಸುಮಾರು 13 ಲಕ್ಷ ಜನರ ಮೊದಲ ಅಲೆಯ ದಾಖಲೆ ನೋಡಿ 2021ರಲ್ಲಿ ಪ್ರಕಟಿಸಿದ್ದು. ಜನರನ್ನ ಮೂರು ಗುಂಪು ಮಾಡಿದ್ರು. ಶೀಲ್ಡಿಂಗ್ ಮಾಡಲು ಹೇಳಿಸಿಕೊಂಡವರು 27,747 ಜನ, ಅಂದ್ರೆ 2.03%. ಮಧ್ಯಮ ಅಪಾಯದವರು 26.85%. ಉಳಿದವರು ಕಡಿಮೆ ಅಪಾಯದವರು. ಕಡಿಮೆ ಅಪಾಯದ ಗುಂಪಿಗೆ ಹೋಲಿಸಿದ್ರೆ ಶೀಲ್ಡಿಂಗ್ ಗುಂಪಿನಲ್ಲಿ ಖಚಿತವಾದ ಸೋಂಕು ಸುಮಾರು 8 ಪಟ್ಟು. ನಂಬರ್ ನಿಜ. ಗ್ರೂಪಿನಲ್ಲಿ ಬಂದಿದ್ದು ಸುಳ್ಳು ಸುದ್ದಿ ಅಲ್ಲ.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲಿದೆ, ಅದನ್ನ ಯಾರೂ ಫಾರ್ವರ್ಡ್ ಮಾಡಲಿಲ್ಲ. ಶೀಲ್ಡಿಂಗ್ ಗುಂಪಿನಲ್ಲಿ 7.01% ಜನಕ್ಕೆ ಕೋವಿಡ್ ಟೆಸ್ಟ್ ಆಗಿತ್ತು. ಕಡಿಮೆ ಅಪಾಯದ ಗುಂಪಿನಲ್ಲಿ 0.73% ಜನಕ್ಕೆ. ಭಾಗಿಸಿ ನೋಡಿ, ಹತ್ತಿರ ಹತ್ತಿರ 10 ಪಟ್ಟು. ಅಂದ್ರೆ 10 ಪಟ್ಟು ಹೆಚ್ಚು ಟೆಸ್ಟ್ ಮಾಡಿದ ಕಡೆ 8 ಪಟ್ಟು ಹೆಚ್ಚು ಸೋಂಕು ಸಿಕ್ಕಿದೆ! ಮೊದಲ ಅಲೆಯಲ್ಲಿ ಟೆಸ್ಟ್ ಸುಲಭವಾಗಿ ಸಿಗ್ತಿರಲಿಲ್ಲ, ಹೆಚ್ಚಾಗಿ ಆಸ್ಪತ್ರೆಗೆ ಹೋದವರಿಗೆ ಆಗ್ತಿತ್ತು. ಮನೇಲಿ ಕೆಮ್ಮಿಕೊಂಡು ಮಲಗಿ ಎದ್ದ ಆರೋಗ್ಯವಂತ ಹುಡುಗ ಯಾವ ಲೆಕ್ಕಕ್ಕೂ ಬಂದಿಲ್ಲ.

ಸಾವಿನ ಲೆಕ್ಕವೂ ಹೀಗೇ. ಐಸಿಯುಗೆ ಸೇರಿದವರಲ್ಲಿ ಸಾಯೋರು ಜನರಲ್ ವಾರ್ಡಿಗಿಂತ ಜಾಸ್ತಿ. ಹಾಗಂತ ಐಸಿಯು ಕೊಲ್ಲುತ್ತೆ ಅಂತೀವಾ? ಇಲ್ಲ, ಅಲ್ಲಿಗೆ ಸೇರಿಸೋದೇ ತೀರಾ ಸೀರಿಯಸ್ ಆದವರನ್ನ. ಶೀಲ್ಡಿಂಗ್ ಪಟ್ಟಿಗೆ ಹಾಕಿದ್ದೂ ಕೋವಿಡ್ ಬಂದ್ರೆ ತಡ್ಕೊಳ್ಳೋದು ಕಷ್ಟ ಅನ್ನೋರನ್ನೇ. ಅವರನ್ನ ಆರೋಗ್ಯವಂತರ ಜೊತೆ ಹೋಲಿಸಿದ್ರೆ ಶೀಲ್ಡಿಂಗ್‌ನಿಂದ ಏನಾಯ್ತು ಅಂತ ಗೊತ್ತಾಗಲ್ಲ. ಹೋಲಿಸಬೇಕಾಗಿದ್ದು ಅದೇ ಕಾಯಿಲೆ, ಅದೇ ವಯಸ್ಸು ಇದ್ದೂ ಶೀಲ್ಡಿಂಗ್ ಮಾಡದವರ ಜೊತೆ. ಅಂಥ ಗುಂಪೇ ಇಲ್ಲ, ಯಾಕಂದ್ರೆ ಎಲ್ಲರಿಗೂ ಪತ್ರ ಕಳಿಸಿದ್ರು. ಕಳಿಸಲೇಬೇಕಿತ್ತು ಬಿಡಿ.

ಹಾಗಂತ ಶೀಲ್ಡಿಂಗ್ ಪಕ್ಕಾ ಕೆಲಸ ಮಾಡಿತು ಅಂತಲೂ ನಾನು ಹೇಳಲ್ಲ. ಪಟ್ಟಿಯಲ್ಲಿದ್ದೂ ಸೋಂಕು ತಗುಲಿ ಸತ್ತವರಿದ್ದಾರೆ. ಗೋಡೆಯಲ್ಲಿ ಬಿರುಕುಗಳಿದ್ವು. ಅತ್ತಿಗೆಯೇ ಹೇಳಿದ್ರು, ರಕ್ತ ಪರೀಕ್ಷೆಗೆ ಆಸ್ಪತ್ರೆಗೆ ಹೋಗಲೇಬೇಕಿತ್ತು ಅಂತ. ಡಯಾಲಿಸಿಸ್ ಇರೋರು ವಾರಕ್ಕೆ ಮೂರು ಸಲ ಹೋಗಬೇಕು. ಆಮೇಲೆ, ಪತ್ರ ಬಂದಿದ್ದು ಒಬ್ಬರಿಗೆ, ಮನೆಯ ಉಳಿದವರು ಶೀಲ್ಡಿಂಗ್ ಮಾಡಬೇಕು ಅಂತ ನಿಯಮ ಇರಲಿಲ್ಲ. ಅಣ್ಣ ಅಂಗಡಿಗೆ ಹೋಗ್ತಿದ್ದ, ಬರ್ತಿದ್ದ.

ಈಗ ನನಗೆ ಅತಿ ಮುಖ್ಯ ಅನಿಸಿದ ಭಾಗ. ಗ್ಲಾಸ್ಗೋ ಅಧ್ಯಯನದಲ್ಲಿ ಸಾವಿನ ಹೊರೆಗೆ ಅತಿ ದೊಡ್ಡ ಪಾಲು ಕೊಟ್ಟಿದ್ದು ಶೀಲ್ಡಿಂಗ್ ಗುಂಪಲ್ಲ, ಮಧ್ಯದ ಗುಂಪು. ಅವರ ಲೆಕ್ಕದಲ್ಲಿ ಆ ಪಾಲು 75.30%. ವಯಸ್ಸು 70 ಅಥವಾ ಹೆಚ್ಚು ಅನ್ನೋ ಒಂದೇ ಅಂಶದ ಪಾಲು 49.55%.

ಅದು ಹೇಗೆ ಅಂತ ಒಂದು ಸಣ್ಣ ಲೆಕ್ಕ, ನಾನೇ ಹಾಕಿದ್ದು. ಒಂದು ಊರಲ್ಲಿ 100 ಜನಕ್ಕೆ ತುಂಬಾ ಅಪಾಯ, ಅವರಲ್ಲಿ ನೂರಕ್ಕೆ 5 ಜನ ಸಾಯ್ತಾರೆ ಅನ್ನಿ. ಒಟ್ಟು 5. ಇನ್ನು 1,300 ಜನಕ್ಕೆ ಅದರ ಅರ್ಧಕ್ಕಿಂತ ಕಮ್ಮಿ ಅಪಾಯ, ನೂರಕ್ಕೆ 2. ಒಟ್ಟು 26. ಒಬ್ಬೊಬ್ಬರಿಗೆ ಅಪಾಯ ಕಮ್ಮಿ, ಆದರೆ ಗುಂಪು ದೊಡ್ಡದು. ಗ್ಲಾಸ್ಗೋದಲ್ಲಿ ಆಗಿದ್ದು ಇದೇ.

ಇಂಗ್ಲೆಂಡಿನಲ್ಲೂ 1.7 ಕೋಟಿ ಜನರ ದಾಖಲೆ ನೋಡಿದ ಓಪನ್‌ಸೇಫ್‌ಲಿ ಅನ್ನೋ ಅಧ್ಯಯನ 2020ರಲ್ಲೇ ಹೇಳಿತ್ತು, 80 ದಾಟಿದವರಿಗೆ ಸಾವಿನ ಅಪಾಯ ಐವತ್ತರ ಆಸುಪಾಸಿನವರಿಗಿಂತ ಸುಮಾರು 20 ಪಟ್ಟು ಅಂತ. ದಕ್ಷಿಣ ಏಷ್ಯಾ ಮೂಲದವರಿಗೂ, ಅಂದ್ರೆ ನಮ್ಮಂಥವರಿಗೂ, ಅಪಾಯ ಬಿಳಿಯರಿಗಿಂತ ಹೆಚ್ಚಿತ್ತು. ಆಮೇಲೆ ವಯಸ್ಸು, ತೂಕ, ಜನಾಂಗ, ವಾಸಿಸುವ ಪ್ರದೇಶದ ಬಡತನ ಎಲ್ಲ ಸೇರಿಸಿ ಲೆಕ್ಕ ಹಾಕೋ ಕ್ಯೂಕೋವಿಡ್ ಅನ್ನೋ ವಿಧಾನ ಬಂತು. ಅದನ್ನ ಬಳಸಿದ ಮೇಲೆ 2021ರ ಫೆಬ್ರವರಿಯಲ್ಲಿ ಪಟ್ಟಿಗೆ ಹೊಸದಾಗಿ 17 ಲಕ್ಷ ಜನ ಸೇರಿದ್ರು. ಮೊದಲ ಪತ್ರ ಹೋಗಿ ಹನ್ನೊಂದು ತಿಂಗಳಾದ ಮೇಲೆ!

ಇದನ್ನ ಓದುವಾಗ ನನಗೆ ನಮ್ಮ ಮನೆ ನೆನಪಾಯ್ತು. ತಿಪಟೂರು, 2020. ಅಜ್ಜಿಗೆ 81, ಹಾರ್ಟ್ ಪ್ರಾಬ್ಲಮ್ ಬೇರೆ. ಡಿಗ್ರಿ ಮುಗಿಸಿ ಮನೇಲಿದ್ದ ನಾನೇ ರೂಲ್ಸ್ ಮಾಡಿದ್ದೆ. ಅಜ್ಜಿ ಒಳಗಿನ ರೂಮು, ತಟ್ಟೆ ಲೋಟ ಬೇರೆ, ಯಾರೂ ಹತ್ತಿರ ಹೋಗಬಾರದು. ನಮ್ಮ ಮನೆ ಪಟ್ಟಿಯಲ್ಲಿ ಇದ್ದಿದ್ದು ಒಂದೇ ಹೆಸರು. ಹಾಲು ತರ್ತಿದ್ದು, ಸೊಪ್ಪು ತರ್ತಿದ್ದು, ಅಜ್ಜಿಗೆ ಊಟ ಕೊಡ್ತಿದ್ದು ಅಮ್ಮ. ಅಮ್ಮನಿಗೆ 52, ಹತ್ತು ವರ್ಷದಿಂದ ಶುಗರ್. ‘ನನಗೇನಾಗುತ್ತೆ ಬಿಡೋ’ ಅಂತಿದ್ರು. ನಾನೂ ಬಿಟ್ಟುಬಿಟ್ಟೆ. ಸೆಪ್ಟೆಂಬರಲ್ಲಿ ಇಬ್ಬರಿಗೂ ಪಾಸಿಟಿವ್ ಬಂತು. ಅಜ್ಜಿಗೆ ಎರಡು ದಿನ ಜ್ವರ ಅಷ್ಟೇ. ಅಮ್ಮ 11 ದಿನ ಆಸ್ಪತ್ರೆಯಲ್ಲಿದ್ರು, ಅದರಲ್ಲಿ ಆರು ದಿನ ಆಕ್ಸಿಜನ್. ವಾಪಸ್ ಬಂದ್ರು, ಆದರೆ ಇವತ್ತಿಗೂ ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಂತು ಉಸಿರು ತಗೋತಾರೆ. ಒಂದು ಮನೆಯ ಕಥೆ ಅಂಕಿಅಂಶ ಅಲ್ಲ, ಗೊತ್ತು. ಇದರಿಂದ ನಾನು ಏನನ್ನೂ ಸಾಬೀತು ಮಾಡ್ತಿಲ್ಲ. ಆದರೆ ಆ ಮಧ್ಯದ ಗುಂಪು ಅಂದ್ರೆ ಯಾರು ಅಂತ ನನಗೆ ಅರ್ಥ ಆಗಿದ್ದು ಹೀಗೆ.

ಕರ್ನಾಟಕದಲ್ಲೂ 2020ರ ಮೇನಲ್ಲಿ ಇಂಥದ್ದೇ ಒಂದು ಕೆಲಸ ನಡೀತು. ಮತಗಟ್ಟೆ ಅಧಿಕಾರಿಗಳು, ಅದೇ ಬಿಎಲ್‌ಒಗಳು, ಮನೆಗೆ ಹೋಗಿ ಇಲ್ಲವೇ ಫೋನ್ ಮಾಡಿ, ವಯಸ್ಸಾದವರು, ಗರ್ಭಿಣಿಯರು, ಬೇರೆ ಕಾಯಿಲೆ ಇರೋರು ಯಾರಿದ್ದಾರೆ ಅಂತ ಬರ್ಕೊಂಡ್ರು. ಆಮೇಲೆ 14410 ಆಪ್ತಮಿತ್ರ ಸಹಾಯವಾಣಿ, ಆಶಾ ಕಾರ್ಯಕರ್ತೆಯರು ಅಂಥವರನ್ನ ವಿಚಾರಿಸ್ತಿದ್ರು. ಕಂಪ್ಯೂಟರ್ ದಾಖಲೆಯಿಂದ ಶುರುಮಾಡೋದು ಒಂದು ದಾರಿ, ಮನೆ ಬಾಗಿಲಿನಿಂದ ಶುರುಮಾಡೋದು ಇನ್ನೊಂದು. ನಮ್ಮದರಲ್ಲಿ ವಯಸ್ಸನ್ನೂ ಕೇಳಿದ್ರು, ಅದು ಒಳ್ಳೇದು. 168 ಲಕ್ಷ ಮನೆಗಳಲ್ಲಿ 153 ಲಕ್ಷ ಮನೆಗಳ ಸಮೀಕ್ಷೆ ಆಯ್ತು. ಶಹಬ್ಬಾಸ್ ಅನ್ನಬೇಕಾದ ಸಾಧನೆಯೇ. ಆದರೆ ಕಾಮರ್ಸ್‌ನವನಾಗಿ ನಾನು ಕಳೆಯೋ ಲೆಕ್ಕವನ್ನೂ ಮಾಡ್ತೀನಿ. ಉಳಿದಿದ್ದು 15 ಲಕ್ಷ ಮನೆ. ಪಟ್ಟಿ ಎಷ್ಟು ಉದ್ದ ಇದೆ ಅನ್ನೋದರ ಜೊತೆಗೆ ಪಟ್ಟಿಯಲ್ಲಿ ಯಾರಿಲ್ಲ ಅಂತಲೂ ಕೇಳಬೇಕು. ಬಿಟ್ಟುಹೋದವರ ಲೆಕ್ಕ ಇಡದಿದ್ರೆ ಬ್ಯಾಲೆನ್ಸ್ ಶೀಟ್ ಸರಿಹೋಗಲ್ಲ.

ಮುಂದೆ ಇನ್ನೊಂದು ಸಾಂಕ್ರಾಮಿಕ ಬಂದಾಗ ಮತ್ತೆ ಯಾರಾದ್ರೂ ಹೇಳ್ತಾರೆ, ದುರ್ಬಲರನ್ನ ಒಳಗೆ ಕೂರಿಸಿ, ಉಳಿದವರು ಓಡಾಡಲಿ ಅಂತ. 2020ರ ಅಕ್ಟೋಬರಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಘೋಷಣೆ ಅಂತ ಕೆಲವು ವಿಜ್ಞಾನಿಗಳು ಹೊರಡಿಸಿದ್ದೂ ಹೆಚ್ಚುಕಮ್ಮಿ ಅದನ್ನೇ. ಕೇಳೋಕೆ ಸುಲಭ. ಆದರೆ ಗ್ಲಾಸ್ಗೋ ಲೆಕ್ಕ ಹಿಡಿದು ನೋಡಿದ್ರೆ, ಒಳಗೆ ಕೂರಿಸಬೇಕಾದವರು ನೂರಕ್ಕೆ ಇಬ್ಬರಲ್ಲ, ಸುಮಾರು 29 ಜನ. ಅವರಿಗೆ ಊಟ ಕೊಡೋರು ಯಾರು, ಡಯಾಲಿಸಿಸ್ ಮಾಡೋರು ಯಾರು, ಅವರ ಜೊತೆ ಒಂದೇ ಸೂರಿನಡಿ ಇರೋರು ಯಾರು? ಹೊರಗೆ ಸೋಂಕು ಹೆಚ್ಚಿದಷ್ಟೂ ಒಳಗಿರೋರಿಗೆ ಅಪಾಯ. ಊರಲ್ಲಿ ಸೋಂಕು ಕಮ್ಮಿ ಇಡೋದೂ ಅವರನ್ನ ಕಾಪಾಡೋ ಕೆಲಸದ್ದೇ ಭಾಗ.

ಅತ್ತಿಗೆಗೆ ಏನು ಹೇಳಿದೆ ಅಂತ ಕೇಳ್ತೀರಾ? ಫೋನ್ ಮಾಡಿ ಇಷ್ಟು ಹೇಳಿದೆ. ‘ಅತ್ತಿಗೆ, ನೀವು ಕೂತಿದ್ದು ವೇಸ್ಟು ಅಂತ ಆ ನಂಬರ್ ಹೇಳ್ತಿಲ್ಲ. ನಿಮ್ಮಂಥವರಿಗೆ ಅಪಾಯ ಎಷ್ಟು ದೊಡ್ಡದು ಅಂತ ಹೇಳ್ತಿದೆ. ನೀವು ಹೊರಗೆ ಹೋಗಿದ್ದಿದ್ರೆ ಏನಾಗ್ತಿತ್ತು ಅನ್ನೋ ಕಾಲಂ ಆ ಪುಸ್ತಕದಲ್ಲಿ ಇಲ್ಲವೇ ಇಲ್ಲ.’

ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, ‘ಸರಿ ಕಣೋ, ಗ್ರೂಪಲ್ಲೂ ಅದನ್ನೇ ಹಾಕು’ ಅಂದ್ರು.

ಗ್ರೂಪಲ್ಲಿ ಹಾಕಿದ್ದೀನಿ. ಇಲ್ಲೂ ಹೇಳಿದ್ದೀನಿ. ನಿಮ್ಮ ಮನೆಯಲ್ಲಿ ‘ನನಗೇನಾಗುತ್ತೆ ಬಿಡು’ ಅನ್ನೋರು ಯಾರಿದ್ದಾರೆ ಅಂತ ಒಮ್ಮೆ ಯೋಚಿಸಿ.